ಸದ್ದಿಲ್ಲದ ಎಂಜಿನ್ನೂ ಒಂಬತ್ತನೆಯ ಕಾಲಮ್ಮೂ

ಸಾಹೇಬರು: ಸ್ಟಾರ್ಟ್ ಮಾಡಪ್ಪಾ ಅಂತ ಹೇಳಿ ಎಷ್ಟು ಹೊತ್ತಾಯ್ತು?

ಮೆಕ್ಯಾನಿಕ್: ಸ್ಟಾರ್ಟ್ ಆಗಿ ಹತ್ತು ನಿಮಿಷ ಆಯ್ತು ಸಾರ್. ಓಡ್ತಾ ಇದೆ.

ಸಾಹೇಬರು: ಓಡ್ತಾ ಇರೋದು ನನ್ನ ತಲೆ ಮೇಲಿನ ಫ್ಯಾನು. ಅದು ಕೇಳಿಸ್ತಿದೆ. ಇದು ಕೇಳಿಸ್ತಿಲ್ಲ.

ಮೆಕ್ಯಾನಿಕ್: ಅದೇ ಸಾರ್ ಸಂಶೋಧನೆ.

ಎಂಜಿನ್ ಪರೀಕ್ಷಾ ಕಚೇರಿಯ ಈ ಸಾಹೇಬರು ಇಪ್ಪತ್ತಾರು ವರ್ಷಗಳಿಂದ ಎಂಜಿನ್ನುಗಳನ್ನು ಕಣ್ಣು ಮುಚ್ಚಿಕೊಂಡೇ ಪರೀಕ್ಷಿಸುತ್ತ ಬಂದವರು. ಸದ್ದು ಕೇಳಿದರೆ ಸಾಕು, ಒಳಗೆ ಯಾವ ಭಾಗ ಸವೆದಿದೆ ಎಂದು ಕೂತಲ್ಲೇ ಹೇಳುತ್ತಿದ್ದರು. ಕಚೇರಿಯವರೆಲ್ಲ ಬೆನ್ನ ಹಿಂದೆ ಅವರನ್ನು 'ಕಿವಿ ಸಾಹೇಬರು' ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು, ಗೊತ್ತಿದ್ದು ಹಿಗ್ಗುತ್ತಿದ್ದರು. ಅಂಥವರ ಮೇಜಿನ ಮುಂದೆ ಮೆಕ್ಯಾನಿಕ್ ತನ್ನ ಪುಟ್ಟ ಡೀಸೆಲ್ ಎಂಜಿನ್ ಇಟ್ಟು, ಹೊಗೆಯ ಕೊಳವೆಯನ್ನು ಕಿಟಕಿಯಿಂದಾಚೆ ಬಿಟ್ಟು, ಕೈಕಟ್ಟಿ ನಿಂತಿದ್ದ. ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ಖಾಲಿಯಾದ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಎಂಟು ವರ್ಷ ಗಂಡನ ಸಂಶೋಧನೆ ಸಹಿಸಿಕೊಂಡಿದ್ದವಳು ಕೊನೆಗೊಂದು ಗಡುವು ಕೊಟ್ಟಿದ್ದಳು. ಇವತ್ತು ಸರ್ಟಿಫಿಕೇಟಿಗೆ ಸೀಲು ಬಿದ್ದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ಅವಳ ತಮ್ಮನ ಟೈರ್ ಅಂಗಡಿಯಲ್ಲಿ ಕೆಲಸ. ಭಾವಮೈದನ ಕೈಕೆಳಗೆ ಟೈರ್ ಉರುಳಿಸುವುದಕ್ಕಿಂತ ಅದೇ ಟೈರಿನ ಕೆಳಗೆ ಮಲಗುವುದು ವಾಸಿ ಎಂಬುದು ಮೆಕ್ಯಾನಿಕ್‌ನ ಅಭಿಪ್ರಾಯವಾಗಿತ್ತು. ಆದರೂ ಒಪ್ಪಿಬಿಟ್ಟಿದ್ದ.

ಅವನು ಮತ್ತೊಮ್ಮೆ ಮೊದಲಿಂದ ವಿವರಿಸಿದ. ಬೇರೆ ಎಂಜಿನ್ನುಗಳಲ್ಲಿ ನಾಜಲ್ ಡೀಸೆಲನ್ನು ಒಂದೇ ಸಲ ಒಳಗೆ ಚಿಮ್ಮಿಸುತ್ತದೆ, ಅಷ್ಟೂ ಒಟ್ಟಿಗೆ ಹೊತ್ತಿಕೊಂಡು ಧಡ್ ಎನ್ನುತ್ತದೆ. ತನ್ನ ನಾಜಲ್ ಹಾಗಲ್ಲ, ಮೊದಲು ಒಂದು ತೊಟ್ಟು ಚಿಮ್ಮಿಸಿ ಕಿಚ್ಚು ಹೊತ್ತಿಸುತ್ತದೆ, ಮಿಕ್ಕದ್ದನ್ನು ಆಮೇಲೆ ಮೆಲ್ಲಗೆ ಕೊಡುತ್ತದೆ. ಅದಕ್ಕೇ ಸದ್ದಿಲ್ಲ.

ಮೆಕ್ಯಾನಿಕ್: ನಂಬಿಕೆ ಇಲ್ಲದಿದ್ರೆ ಮುಟ್ಟಿ ನೋಡಿ ಸಾರ್, ಬಿಸಿಯಾಗಿದೆ.

ಸಾಹೇಬರು: ಬಿಸಿಲಲ್ಲಿ ಹೊತ್ಕೊಂಡು ಬಂದೆ, ಬಿಸಿಯಾಗಿದೆ. ನೀನೂ ಬಿಸಿಯಾಗಿದ್ದೀಯ. ನಿನಗೂ ಸರ್ಟಿಫಿಕೇಟ್ ಕೊಡ್ಲಾ?

ಮೆಕ್ಯಾನಿಕ್: ಟ್ಯಾಂಕ್ ನೋಡಿ ಸಾರ್. ಡೀಸೆಲ್ ಇಳೀತಾ ಇದೆ.

ಸಾಹೇಬರು: ಎಂಜಿನ್ ಓಡದೆ ಡೀಸೆಲ್ ಇಳೀತಿದೆ ಅಂದ್ರೆ ಸೋರ್ತಿದೆ ಅಂತ ಅರ್ಥ. ಇದನ್ನ ಬೇರೆ ಬರ್ಕೋಬೇಕು.

ಬರೆದುಕೊಂಡೂ ಬಿಟ್ಟರು.

ಮೆಕ್ಯಾನಿಕ್: ಚಕ್ರ ತಿರುಗ್ತಿದೆಯಲ್ಲ ಸಾರ್, ಅದನ್ನಾದ್ರೂ ನೋಡಿ.

ಸಾಹೇಬರು: ಫಾರಂನಲ್ಲಿ ಚಕ್ರದ ಮಾತೇ ಇಲ್ಲ. ಒಂಬತ್ತನೇ ಕಾಲಮ್ ಓದು. ಶಬ್ದ. ಹೆಚ್ಚು, ಮಧ್ಯಮ, ಕಡಿಮೆ. ಯಾವುದಕ್ಕೆ ಗುರುತು ಹಾಕ್ಲಿ?

ಮೆಕ್ಯಾನಿಕ್: ಕಡಿಮೆ ಅಂತ ಹಾಕಿ ಸಾರ್.

ಸಾಹೇಬರು: ಕಡಿಮೆ ಅನ್ನೋಕೂ ಸ್ವಲ್ಪ ಕೇಳಿಸ್ಬೇಕಲ್ಲಪ್ಪ. ಕೇಳಿಸದೆ ಇರೋದನ್ನ ಕೇಳಿಸ್ತು ಅಂತ ಬರೆಯೋಕೆ ನಾನೇನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಾ?

ಹಾಗಾದರೆ ಆ ಫ್ಯಾನನ್ನಾದರೂ ಒಂದು ನಿಮಿಷ ಆರಿಸಿ ಕೇಳಿ ಎಂದು ಮೆಕ್ಯಾನಿಕ್ ಬೇಡಿಕೊಂಡ. ಅದರ ಸ್ವಿಚ್ಚು ಪಕ್ಕದ ವಿಭಾಗದಲ್ಲಿದೆ, ಆರಿಸಬೇಕಾದರೆ ಅರ್ಜಿ ಕೊಡಬೇಕು, ಹೋದ ವರ್ಷ ಕೊಟ್ಟ ಅರ್ಜಿ ಇನ್ನೂ ಓಡಾಡುತ್ತಿದೆ ಎಂದು ಸಾಹೇಬರು ಹೇಳಿದರು. ಹೇಳಿ, ಪೆನ್ನಿನ ಮುಚ್ಚಳ ತೆಗೆದರು. ಫಾರಂನ ಕೊನೆಯ ಸಾಲಿನಲ್ಲಿ 'ಎಂಜಿನ್ ಚಾಲೂ ಆಗಲಿಲ್ಲ' ಎಂದು ಬರೆಯುವುದಷ್ಟೇ ಬಾಕಿ. ಮೆಕ್ಯಾನಿಕ್‌ನ ಕಣ್ಣ ಮುಂದೆ ಟೈರುಗಳು ಒಂದರ ಮೇಲೊಂದು ಪೇರಿಸಿಕೊಂಡವು. ಎಂಟು ವರ್ಷದ ದುಡಿಮೆ ಹೀಗೆ ಒಂದು ಸಾಲಿನಲ್ಲಿ ಮುಗಿಯುತ್ತದಲ್ಲ ಎಂದು ಅವನಿಗೆ ಅಳುವೇ ಬಂತು.

ಹೆಂಡತಿ: ರೀ, ಒಂದು ನಿಮಿಷ ಅದನ್ನ ಆಫ್ ಮಾಡಿ.

ಅವನು ಮಾಡಿದ. ಎಂಜಿನ್ ನಿಂತದ್ದು ಕಿವಿ ಸಾಹೇಬರಿಗೆ ಗೊತ್ತೇ ಆಗಲಿಲ್ಲ. ಅವಳು ಗಂಡನ ಚೀಲದಿಂದ ಒಂದು ಹಿಡಿ ನಟ್ಟು ತೆಗೆದು ಊಟದ ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಚಕ್ರದ ಬೋಲ್ಟು ಸುತ್ತಿಗೊಮ್ಮೆ ತಗಲುವ ಹಾಗೆ ಡಬ್ಬಿಯನ್ನು ತಂತಿಯಿಂದ ಬಿಗಿದು ಕಟ್ಟಿದಳು. ಬೇಡ ಕಣೇ ಎಂದು ಗಂಡ ಗೋಗರೆದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹೆಂಡತಿ: ಈಗ ಸ್ಟಾರ್ಟ್ ಮಾಡಿ.

ಕೋಣೆಯೆಲ್ಲ ಲಟಪಟ ಲಟಪಟ ಎಂದಿತು. ಪಕ್ಕದ ವಿಭಾಗದವರು ಬಾಗಿಲಲ್ಲಿ ಬಂದು ಇಣುಕಿದರು. ಮೇಜಿನ ಮೇಲಿನ ಗುಂಡುಸೂಜಿಗಳು ಕುಣಿದವು. ಸಾಹೇಬರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕಚೇರಿಯನ್ನೇ ಮರೆತು ಎರಡು ನಿಮಿಷ ಕೇಳಿದರು.

ಸಾಹೇಬರು: ಇದಪ್ಪಾ ಎಂಜಿನ್ ಅಂದ್ರೆ. ಮೊದಲೇ ಸ್ಟಾರ್ಟ್ ಮಾಡೋಕೆ ಏನಾಗಿತ್ತು ನಿನಗೆ?

ಒಂಬತ್ತನೆಯ ಕಾಲಮ್ಮಿನಲ್ಲಿ 'ಹೆಚ್ಚು' ಎಂಬುದಕ್ಕೆ ಗುರುತು ಬಿತ್ತು. ಆಮೇಲೆ ಸಾಹೇಬರು ಹತ್ತನೆಯದಕ್ಕೆ ಬಂದು ಪೆನ್ನು ನಿಲ್ಲಿಸಿ ಯೋಚಿಸಿದರು. ಅಲ್ಲಿ ಹೊಸದಾಗಿ ಕಂಡುಹಿಡಿದ ಭಾಗ ಯಾವುದೆಂದು ಬರೆಯಬೇಕಿತ್ತು.

ಮೆಕ್ಯಾನಿಕ್: ನಾಜಲ್ ಸಾರ್.

ಸಾಹೇಬರು: ತಾಳು. ನಾಜಲ್ ಮೊದಲೂ ಇತ್ತಲ್ಲ?

ಮೆಕ್ಯಾನಿಕ್: ಇತ್ತು ಸಾರ್.

ಸಾಹೇಬರು: ಆಗ ಎಂಜಿನ್ ಓಡ್ಲಿಲ್ಲ. ಡಬ್ಬಿ ಕಟ್ಟಿದ ಮೇಲೆ ಓಡ್ತು. ಹಾಗಾದ್ರೆ ಎಂಜಿನ್ ಓಡಿಸಿದ್ದು ಯಾವುದು?

ಇಪ್ಪತ್ತಾರು ವರ್ಷದ ಅನುಭವ ಉತ್ತರಕ್ಕೆ ಕಾಯಲಿಲ್ಲ. ಡಬ್ಬಿ ಯಾರದು ಎಂದು ಸಾಹೇಬರು ವಿಚಾರಿಸಿದರು. ನಂದೇ ಎಂದು ಹೆಂಡತಿ ಹೇಳಿದಳು. ಸೀಲು ಧಪ್ಪನೆ ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ಕೂತು ಮೆಕ್ಯಾನಿಕ್ ಸರ್ಟಿಫಿಕೇಟನ್ನು ಮೂರು ಸಲ ಓದಿದ. ಸಂಶೋಧನೆ: ಮುಚ್ಚಳವಿರುವ ಡಬ್ಬಿ. ಸಂಶೋಧಕರು: ಅರ್ಜಿದಾರರ ಹೆಂಡತಿ. ಜೊತೆಗಿರುವ ಬಿಡಿಭಾಗ: ಎಂಜಿನ್, ಒಂದು, ಸೋರುತ್ತದೆ.

ಮೆಕ್ಯಾನಿಕ್: ಸರಿ, ಮುಗೀತು. ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೀತಾನೆ ನಿನ್ನ ತಮ್ಮ?

ಹೆಂಡತಿ ಸರ್ಟಿಫಿಕೇಟನ್ನು ಅವನ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಎಂಜಿನ್ನಿನಿಂದ ಬಿಚ್ಚಿಕೊಂಡಿದ್ದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

ಹೆಂಡತಿ: ಅಲ್ಲಿಗ್ಯಾಕೆ ಹೋಗ್ತೀರಿ? ನನ್ನ ಹತ್ರಾನೇ ಕೆಲಸ ಖಾಲಿ ಇದೆ. ನನ್ನ ಡಬ್ಬಿಗೆ ಸದ್ದಿಲ್ಲದೆ ಓಡೋ ಎಂಜಿನ್ ಮಾಡಿಕೊಡೋರು ಒಬ್ರು ಬೇಕಾಗಿದ್ದಾರೆ.