ಮಾತಿಲ್ಲದ ಹೆಣ್ಣುಹಕ್ಕಿ

ಪದ್ಯ ಕಂಡರೆ ಸುಮ್ಮನಿರಲಾಗದ ಕಾಯಿಲೆ ನನಗೆ. ಎಂಬತ್ತರ ದಶಕದಲ್ಲಿ ರಾಯಚೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಅದು ಎಷ್ಟು ಉಲ್ಬಣಿಸಿತ್ತೆಂದರೆ, ಮದುವೆಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ನಾನು ಪ್ರಾಸ ಸರಿಯಿದೆಯೇ ಎಂದು ನೋಡುತ್ತಿದ್ದೆ. ಹೀಗಾಗಿ ಹೆಂಡತಿಯನ್ನು ತವರಿನಿಂದ ಕರೆತರುವ ಫಜೀತಿ ಬಂದಾಗಲೂ ಹೊಳೆದದ್ದು ಪದ್ಯವೇ.

ನಮ್ಮ ಮಾವನವರದು ಮಾನ್ವಿ ತಾಲ್ಲೂಕಿನ ಕುರ್ಡಿ. ನಾಲ್ಕು ದಿನಕ್ಕೆಂದು ಹೋದ ಶಾಂತಾ ತಿಂಗಳಾದರೂ ಬರಲಿಲ್ಲ. ಖಾನಾವಳಿ ಊಟ ಉಂಡು ಹೊಟ್ಟೆಯೂ ಮನಸ್ಸೂ ಕೆಟ್ಟು ನಾನೇ ಹೋದೆ. "ಇವತ್ತು ಮಂಗಳವಾರ ಅದ, ಹೆಣ್ಮಗಳನ್ನ ಕಳಸಂಗಿಲ್ರೀ" ಎಂದರು ಮಾವ. ಬುಧವಾರ, ಗುರುವಾರ ಅತ್ತೆಯ ಹೋಳಿಗೆ ಅಡ್ಡ ಬಂತು. ಶುಕ್ರವಾರ ಮತ್ತೆ ಕಳಿಸುವಂತಿಲ್ಲ. ಜಗಳ ಮಾಡೋಣವೆಂದರೆ ಹೊಸ ಅಳಿಯ.

ಅಂದು ಸಂಜೆ ಕಟ್ಟೆಯ ಮೇಲೆ ಕೂತು, ನಾನೇ ಹೊಸೆದ ಹಕ್ಕಿಗಳ ನೀತಿಪದ್ಯ ಓದಿದೆ. ಮುದಿ ಕೊಕ್ಕರೆ ಮದುವೆಯಾದ ಮಗಳನ್ನು ಗೂಡಿನಲ್ಲೇ ಇಟ್ಟುಕೊಂಡಿದೆ, ಅಳಿಯ ಹಂಸ ಹೊರಗೆ ಸೊರಗುತ್ತಿದೆ. ಕೊಕ್ಕರೆ ಹಂಸಕ್ಕೆ ಹೇಗೆ ಮಗಳನ್ನು ಕೊಟ್ಟಿತೆಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. "ಭಾಮಿನಿ ಷಟ್ಪದಿ. ಮೂರು ನಾಲ್ಕು ಮಾತ್ರೆಯ ನಡಿಗೆ ಕೊಕ್ಕರೆಯ ಕುಂಟು ಹೆಜ್ಜೆಗೆ ಒಪ್ಪುತ್ತದೆ. ಇನ್ನು ಅರ್ಥ..." ಎಂದು ಮಾವನವರ ಮುಖ ನೋಡಿದೆ.

ಮಾವ ತೊಡೆ ತಟ್ಟಿದರು. "ಅರ್ಥ ಆತು ಬಿಡ್ರಿ! ದೇವದುರ್ಗದ ನಮ್ಮ ಬೀಗಂದ ಕಥಿ ಇದು. ನಮ್ಮ ಸೊಸಿನ್ನ ಇನ್ನೂ ಕಳಿಸಿಲ್ಲ ನೋಡ್ರಿ ಆ ಕೊಕ್ಕರಿ! ನಾಳಿ ಇಬ್ರೂ ಹೋಗಿ ಅವನ ಮುಂದ ಓದೂಣು."

ನನಗೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಶಾಂತಾ ಕೇಳಿದಳು: "ಎಲ್ಲಾ ಹಕ್ಕಿ ಮಾತಾಡ್ತಾವ, ಆ ಹೆಣ್ಣುಹಕ್ಕಿಗೆ ಒಂದರ ಮಾತು ಅದ ಏನ್ರಿ? ಹೋಗ್ತಿಯೇನವಾ ಅಂತ ಅಪ್ಪನೂ ಕೇಳಿಲ್ಲ, ಬರ್ತಿಯೇನು ಅಂತ ಹಂಸನೂ ಕೇಳಿಲ್ಲ."

ಎದೆಗೆ ನಾಟಿತು. ಬಂದಾಗಿನಿಂದ ನಾನು ಬೇಡಿಕೊಂಡದ್ದೆಲ್ಲ ಮಾವನನ್ನೇ. ನಾಚಿಕೆಯಾಗಿ, ಎಲ್ಲರೆದುರೇ ಕೇಳಿದೆ, "ಬರ್ತಿಯೇನು?"

"ನಾಳಿ ಮುಂಜಾನಿ ಬಸ್ಸಿಗೆ ಹೊಂಟೀವಿ ಯಪ್ಪಾ" ಎಂದಳು.

"ಮೊದಲ ಹೇಳಬಾರದೇನವಾ?"

"ಕೇಳಿದವ್ರು ಯಾರು?"

ರಾಯಚೂರು ಮುಟ್ಟುವವರೆಗೂ ಬಸ್ಸಿನಲ್ಲಿ ಅವಳದೇ ಮಾತು. ಆಮೇಲೆ ಪದ್ಯ ತಿದ್ದಿ ಹೆಣ್ಣುಹಕ್ಕಿಗೆ ಬಾಯಿ ಕೊಟ್ಟೆ. ಕೊಟ್ಟದ್ದಷ್ಟೇ ನೆನಪು. ಈಗ ಹಂಸದ ಪಾಲಿಗೆ ಉಳಿದಿರುವುದು "ಹೂಂ" ಒಂದೇ. ಎರಡೇ ಮಾತ್ರೆ, ಛಂದಸ್ಸಿಗೆ ಸಾಲುವುದಿಲ್ಲ, ಸಂಸಾರಕ್ಕೆ ಸಾಕಾಗಿದೆ.