ಮೇಲೆ ಉಂಟು

ನನ್ನನ್ನು ಆರಂಭಶೂರ ಎಂದು ಮೊದಲು ಕರೆದವರು ನನ್ನ ತಂದೆ. ಬೇರೆ ವಿಷಯಗಳಲ್ಲಿ ಈ ಬಿರುದಿನ ಬಗ್ಗೆ ನನಗೆ ತಕರಾರು ಉಂಟಾದರೂ ಸಿನಿಮಾದ ಮಟ್ಟಿಗೆ ಅದು ಅಕ್ಷರಶಃ ನಿಜ. ನಾನು ನೋಡಿದಷ್ಟು ಸಿನಿಮಾಗಳ ಆರಂಭವನ್ನು ಈ ಪುತ್ತೂರಿನಲ್ಲಿ ಇನ್ನೊಬ್ಬರು ನೋಡಿರಲಾರರು. ಆರಂಭದ ನಂತರ ನಾನು ನಿದ್ದೆ ಹೋಗುತ್ತೇನೆ. ನನ್ನದು ಕನ್ನಡಕದ ಅಂಗಡಿ. ಹಗಲೆಲ್ಲ ಬೇರೆಯವರ ಕಣ್ಣು ತೆರೆಸಿದ ಮೇಲೆ ಸಂಜೆ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಹೀಗಾಗಿ ಕೊಲೆ ಮಾಡಿದವನು ಯಾರೆಂದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಕೊಲೆಯಾಗುವವನು ಯಾವ ಬಣ್ಣದ ಅಂಗಿ ಹಾಕಿಕೊಂಡು ಕಾರಿನಿಂದ ಇಳಿದ ಎಂಬುದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಹಾಗೆ ಬರೀ ಆರಂಭಗಳನ್ನೇ ನೋಡಿ ನೋಡಿ ನನಗೊಂದು ಕುತೂಹಲ ಹುಟ್ಟಿತು. ಒಬ್ಬ ಮನುಷ್ಯ ಕಾರಿನಿಂದ ಇಳಿಯುತ್ತಾನೆ, ಗೇಟು ತೆಗೆಯುತ್ತಾನೆ, ಮನೆಯ ಕಡೆಗೆ ನಡೆಯುತ್ತಾನೆ. ಇಷ್ಟೇ. ಇದಕ್ಕೆ ನನ್ನ ಕೈ ಯಾಕೆ ತಣ್ಣಗಾಗಬೇಕು? ಒಂದು ಸಂಜೆ ಇಂಥದೇ ದೃಶ್ಯ ನಡೆಯುತ್ತಿರುವಾಗ ನನ್ನ ಹೆಂಡತಿ ವಾರಿಜಳಿಗೆ ಫೋನು ಬಂತು, ಅವಳು ಟಿವಿಯ ಸದ್ದು ನಿಲ್ಲಿಸಿದಳು. ಮರುಕ್ಷಣವೇ ಆ ಮನುಷ್ಯ ಕರೆಂಟಿನ ಮೀಟರ್ ನೋಡಲು ಬಂದವನ ಹಾಗೆ ಕಾಣಿಸಿದ. ಸದ್ದು ಬಂದಾಗ ಮತ್ತೆ ಅವನ ಪ್ರಾಣಕ್ಕೆ ಅಪಾಯ. ಅವಳು ಮಾತು ಮುಗಿಸುವ ತನಕ ನಾನು ರಿಮೋಟು ಹಿಡಿದು ಅವನನ್ನು ಸಾಯಿಸುತ್ತಾ ಬದುಕಿಸುತ್ತಾ ಕೂತೆ.

ಸದ್ದು ಎಂದೆನಲ್ಲ, ಅದು ಸಂಗೀತವೂ ಅಲ್ಲ. ಹಳೆಯ ಫ್ರಿಜ್ಜಿನಂಥ ಒಂದು ಗುಂಯ್‌ಗುಡುವಿಕೆ, ಅದರ ಮೇಲೆ ಎಳೆದು ಎಳೆದು ಹಿಡಿದ ಒಂದೇ ಸ್ವರ. ಇನ್ನು ಕ್ಯಾಮೆರಾ. ಅದು ಮುಖ ತೋರಿಸುವುದೇ ಇಲ್ಲ, ಬೆನ್ನ ಹಿಂದಿನಿಂದ, ನೆಲದ ಹತ್ತಿರದಿಂದ, ಸಾಲ ಕೇಳಲು ಬಂದ ನೆಂಟನ ಹಾಗೆ ನಿಧಾನವಾಗಿ ಬರುತ್ತದೆ. ಯೋಚಿಸಿದರೆ ಇದು ನಮಗೆ ಹೊಸತೇನಲ್ಲ. ಯಕ್ಷಗಾನದಲ್ಲಿ ರಕ್ಕಸನ ವೇಷ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ, ಚೆಂಡೆ ಏರುತ್ತದೆ, ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ ಕಾಣುತ್ತದೆ. ತೆರೆ ಸರಿದ ಮೇಲೆ ಅವನು ನಮ್ಮ ಪಕ್ಕದ ಓಣಿಯವನೇ. ಸರಿಯುವ ತನಕ ಮಾತ್ರ ರಕ್ಕಸ. ಈ ಸಂಶೋಧನೆಯನ್ನು ನಾನು ಉತ್ಸಾಹದಿಂದ ವಿವರಿಸಿದಾಗ ವಾರಿಜ, “ಅಷ್ಟೆಲ್ಲ ಯಾಕೆ? ಅವ ಹೊರಡುವಾಗ ಹೆಂಡತಿ ಹತ್ರ ‘ಹೋಗ್ತೇನೆ’ ಅಂದ. ‘ಬರ್ತೇನೆ’ ಅನ್ಲಿಲ್ಲ. ನನಗೆ ಆಗ್ಲೇ ಗೊತ್ತಾಯ್ತು, ಇವ ಉಳಿಯುದಿಲ್ಲ ಅಂತ,” ಎಂದಳು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಮ್ಮ ಮಹಡಿಯ ಮನೆ ಆಗಷ್ಟೇ ಖಾಲಿಯಾಗಿತ್ತು. ವಾರಿಜಳ ಕಾಲೇಜಿನ ಗೆಳತಿ ಮೈಮುನಾ ಟೀಚರಿಗೆ ಕಡಬದಿಂದ ಪುತ್ತೂರಿಗೆ ವರ್ಗವಾಗಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಂದರೆ ಮಾತಾಡಿದವರು. ಮೈಮುನಾ ಅತ್ತೆಯ ಜೊತೆ ಮೇಲಿನ ಮನೆಗೆ ಬರುವುದೆಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ವಾರಿಜ ಹೊಸ ಚಹಾ ಕಪ್ಪುಗಳನ್ನು ತಂದಿಟ್ಟಿದ್ದಳು, ಮಾತಾಡಲು ಯಾವ ಕಿಟಕಿ ಒಳ್ಳೆಯದೆಂದು ನಿಂತು ನೋಡಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳಿಗೆ ಮನಬಿಚ್ಚಿ ಮಾತಾಡಲು ನಾನೊಬ್ಬನೇ. ನಾನು ಸಾಲುವುದಿಲ್ಲ ಎಂದು ಅವಳು ಯಾವತ್ತೂ ಹೇಳಿಲ್ಲ, ಆದರೆ ಆ ಕಪ್ಪುಗಳನ್ನು ಒರೆಸಿಡುವಾಗ ಅವಳ ಮುಖ ನೋಡಿದ್ದರೆ ನಿಮಗೂ ತಿಳಿಯುತ್ತಿತ್ತು. ಮೈಮುನಾ ಉಮ್ಮ ಎಂದು ಕರೆಯುವ ಅತ್ತೆಗೆ ಮೊಣಕಾಲು ನೋವು, ಬಂದು ನೋಡುವುದು ಕಷ್ಟ. ಆದ್ದರಿಂದ, “ಮನೆಯದ್ದೊಂದು ವಿಡಿಯೋ ತೆಗ್ದು ಕಳಿಸಿ, ಉಮ್ಮನಿಗೆ ತೋರಿಸ್ತಾಳಂತೆ,” ಎಂದು ವಾರಿಜ ನನಗೆ ಹೇಳಿದಳು.

ಹೇಳಬಾರದವನಿಗೆ ಹೇಳಿದಳು. ನಾನು ಫೋನನ್ನು ನೆಲಕ್ಕೆ ತಾಗಿಸುವಷ್ಟು ತಗ್ಗಿಸಿ ಹಿಡಿದು ಹೊರಗಿನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದೆ. ಅರ್ಧ ತೆರೆದ ಬಾಗಿಲನ್ನು ಒಂದೇ ಬೆರಳಿನಿಂದ ದೂಡಿದೆ, ಅದು ನನ್ನ ಪುಣ್ಯಕ್ಕೆ ಕಿರ್ರೆಂದಿತು. ಅಡುಗೆಮನೆಯ ನಲ್ಲಿಯ ಬಾಯಲ್ಲಿ ಒಂದು ಹನಿ ತುಂಬಿಕೊಂಡು, ಬೀಳಲೋ ಬೇಡವೋ ಎಂದು ಯೋಚಿಸಿ, ಟಪ್ಪೆಂದು ಬಿತ್ತು. ಅದನ್ನು ಹತ್ತಿರದಿಂದ ಹಿಡಿದೆ. ಕೊನೆಗೆ ಮಲಗುವ ಕೋಣೆಯಲ್ಲಿ ತಾನಾಗಿ ಅಲ್ಲಾಡುವ ಪರದೆ. ಫ್ಯಾನು ಹಾಕಿದ್ದೆ, ಆದರೆ ಫ್ಯಾನನ್ನು ತೋರಿಸಲಿಲ್ಲ. ಫೋನಿನಲ್ಲಿ ಪುಕ್ಕಟೆ ಸಿಗುವ ಸಂಗೀತದಲ್ಲಿ ಆ ಗುಂಯ್‌ಗುಡುವಿಕೆಯನ್ನೇ ಹುಡುಕಿ ಸೇರಿಸಿದೆ. ಇನ್ನು ಶೀರ್ಷಿಕೆ. ‘ಮನೆ ಬಾಡಿಗೆಗೆ ಉಂಟು’ ಎಂದು ಬರೆದರೆ ಅದು ಬೋರ್ಡಾಯಿತು. ಮನೆ ಕಣ್ಣಿಗೆ ಕಾಣುತ್ತದೆ, ಮತ್ತೆ ‘ಮನೆ’ ಯಾಕೆ? ‘ಬಾಡಿಗೆ’ ಎಂದರೆ ಕುತೂಹಲವೇ ಹೋಯಿತು. ಎರಡನ್ನೂ ತೆಗೆದು, ‘ಮೇಲೆ ಉಂಟು. ಬಂದು ನೋಡಿ’ ಎಂದಿಟ್ಟು ಮೈಮುನಾಳಿಗೂ ಕಳಿಸಿದೆ, ಕುಟುಂಬದ ಗ್ರೂಪಿಗೂ ಹಾಕಿದೆ.

ಹೊರಗಿನವರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕಾದೀತು. ನಮ್ಮ ಕಡೆ ‘ಉಂಟು’ ಎಂಬುದು ಬಹಳ ಸಾಧು ಶಬ್ದ. ಅಂಗಡಿಯಲ್ಲಿ ಅಕ್ಕಿ ಉಂಟು, ಸುಬ್ರಹ್ಮಣ್ಯಕ್ಕೆ ಬಸ್ಸು ಉಂಟು, ಮಧ್ಯಾಹ್ನ ಮೀನು ಉಂಟು. ಏನು ಉಂಟು ಎಂದು ಹೇಳಿದರೆ ಅದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಏನೆಂದು ಹೇಳದೆ ಜಾಗ ಮಾತ್ರ ಹೇಳಿ, ‘ಆ ಬಾವಿಯ ಹತ್ತಿರ ಉಂಟು’, ‘ಆ ಮನೆಯಲ್ಲಿ ಉಂಟಂತೆ’ ಎಂದರೆ ಯಾರೂ ‘ಎಂತ?’ ಎಂದು ಕೇಳುವುದಿಲ್ಲ. ಅದು ದೆವ್ವವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಅದು ಆ ಹೊತ್ತಿಗೆ ಹೊಳೆಯಲಿಲ್ಲ.

ಮೊದಲು ಹೊಳೆದದ್ದು ಸಂಪಾಜೆಯಲ್ಲಿರುವ ವಾರಿಜಳ ಅಣ್ಣನಿಗೆ. “ಭಾವ, ನೋಡಿದೆ,” ಎಂದರು ಫೋನಿನಲ್ಲಿ, ಸಾವಿನ ಮನೆಯಲ್ಲಿ ಮಾತಾಡುವ ಸ್ವರದಲ್ಲಿ. “ಯಾವಾಗಿನಿಂದ ಉಂಟು?”

“ಹೋದ ತಿಂಗಳಿನಿಂದ,” ಎಂದೆ, ಖಾಲಿಯಾದ ಲೆಕ್ಕದಲ್ಲಿ.

“ಹೆದರ್ಬೇಡಿ. ಆದ್ರೆ ತಡ ಮಾಡುದು ಬೇಡ, ಒಮ್ಮೆ ಜೋಯಿಸರ ಹತ್ರ ಪ್ರಶ್ನೆ ಇಡಿಸಿ.”

ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಮೈಮುನಾಳ ಫೋನು ವಾರಿಜಳಿಗೆ ಬಂತು. ಅತ್ತೆ ಒಪ್ಪುವುದಿಲ್ಲ. ಆ ಮನೆಯಲ್ಲಿ ಜಿನ್ನು ಉಂಟು, ಮನೆಯ ಯಜಮಾನರೇ ಬರೆದು ಕಳಿಸಿದ್ದಾರೆ, ಇಷ್ಟು ಪ್ರಾಮಾಣಿಕರು ಈ ಕಾಲದಲ್ಲಿ ಸಿಗುವುದಿಲ್ಲ, ಆದರೆ ಮನೆ ಬೇಡ. ಶಾಲೆಯ ಹತ್ತಿರ ಬೇರೆ ಮನೆ ನೋಡುತ್ತಾರಂತೆ. ವಾರಿಜ ನನಗೆ ಬೈಯಲಿಲ್ಲ. ಹೊಸ ಕಪ್ಪುಗಳನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಕಡಬಕ್ಕೆ ಹೋಗಿ ಉಮ್ಮನಿಗೆ ನಾನೇ ವಿವರಿಸುತ್ತೇನೆ ಎಂದೆ.

ಆ ಭಾನುವಾರ ಇಬ್ಬರೂ ಕಡಬಕ್ಕೆ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು, ನಾನು ಮನಸ್ಸಿನಲ್ಲೇ ಭಾಷಣ ತಯಾರು ಮಾಡುತ್ತಿದ್ದೆ. ಮೈಮುನಾಳ ಅತ್ತೆ ದಿಂಬಿಗೆ ಒರಗಿ, ಕಾಲು ಚಾಚಿ ಕೂತಿದ್ದರು. ನಾನು ತೆರೆ, ಚೆಂಡೆ, ಕ್ಯಾಮೆರಾ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಮನೆ ತೋರಿಸ್ಲಿಕ್ಕೆ ಅದೆಲ್ಲ ಎಂತಕ್ಕೆ ಮಾರಾಯ್ರೆ?” ಎಂದರು. ನಾನು ಸದ್ದು ನಿಲ್ಲಿಸಿ ಅದೇ ವಿಡಿಯೋ ಅವರ ಕೈಗೆ ಕೊಟ್ಟೆ. “ಈಗ ನೋಡಿ ಉಮ್ಮ. ಎಂತ ಇಲ್ಲ, ಬರೀ ಮನೆ.”

ಅವರು ಕನ್ನಡಕ ಏರಿಸಿ ನೋಡಿದರು. “ಇದು ಮೆಟ್ಲು ಹತ್ತುದು ಯಾರು?”

“ನಾನೇ.”

“ಇಷ್ಟು ನಿಧಾನ? ನಿಮಗೂ ಮೊಣಕಾಲು ನೋವುಂಟಾ?”

ಕಲೆಯನ್ನು ಕಾಪಾಡುವುದೋ ಬಾಡಿಗೆದಾರರನ್ನು ಕಾಪಾಡುವುದೋ ಎಂದು ಒಂದು ಕ್ಷಣ ಯೋಚಿಸಿ, “ಸ್ವಲ್ಪ ಉಂಟು,” ಎಂದೆ. ಅವರ ಮುಖ ಅರಳಿತು. ಯಾವ ಎಣ್ಣೆ, ಯಾವ ಎಲೆ, ಎಷ್ಟು ಬಿಸಿ ಎಂದೆಲ್ಲ ಹೇಳಿದರು. ಆಮೇಲೆ ಮತ್ತೊಮ್ಮೆ ನೋಡಿದರು. ಸದ್ದಿಲ್ಲದ ಆ ಚಿತ್ರದಲ್ಲಿ ಜಿನ್ನು ಇರಲಿಲ್ಲ ನಿಜ, ಆದರೆ ಮನೆ ಕಾಣತೊಡಗಿತು.

“ನೋವಿದ್ದೂ ಮೆಟ್ಲಿಗೆ ಹಿಡ್ಕೊಳ್ಳಿಕ್ಕೆ ಒಂದು ಕಂಬಿ ಹಾಕ್ಸಲಿಲ್ವಾ ನೀವು? ಇದೆಂತ ಗೋಡೆಯಲ್ಲಿ, ಪಸೆಯಾ? ನಲ್ಲಿ ಸೋರ್ತದೆ.”

“ಅದು ಯಾವಾಗಿನಿಂದಲೋ ಸೋರ್ತದೆ ಉಮ್ಮ,” ಎಂದಳು ವಾರಿಜ, ಮೂರು ದಿನಗಳ ನಂತರ ಮೊದಲ ಬಾರಿ ನಗುತ್ತಾ. “ಬಾಗಿಲಿಗೆ ಎಣ್ಣೆ ಹಾಕಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು.”

ಉಮ್ಮ ಫೋನನ್ನು ನನಗೆ ಮರಳಿಸಿದರು. “ನಲ್ಲಿ, ಬಾಗಿಲು, ಗೋಡೆ ಸರಿ ಮಾಡಿಸಿ. ಕಂಬಿ ಹಾಕಿಸಿ. ನಾವು ಬರ್ತೇವೆ. ಇನ್ನು ಅಲ್ಲಿ ಜಿನ್ನು ಇದ್ರೂ ಪರ್ವಾಗಿಲ್ಲ, ಅದೂ ಕಂಬಿ ಹಿಡ್ಕೊಂಡು ಇಳಿಲಿ.”

ಎಲ್ಲವನ್ನೂ ಮಾಡಿಸಿದೆ. ಅವರು ಬಂದು ಈಗ ಕೆಲವು ತಿಂಗಳಾಯಿತು. ಸಂಜೆಯಾದರೆ ವಾರಿಜ ಮೇಲೆ ಹೋಗುತ್ತಾಳೆ, ನಾನು ಅಂಗಡಿಯಿಂದ ಬಂದು ಕೆಳಗೆ ಒಬ್ಬನೇ ಟಿವಿಯ ಮುಂದೆ ಕೂರುತ್ತೇನೆ. ಮೇಲೆ ಮೊದಲು ಕುರ್ಚಿ ಎಳೆಯುವ ಸದ್ದು. ಆಮೇಲೆ ವಾರಿಜಳ ಸ್ವರ ತಗ್ಗುತ್ತದೆ: “ನಮ್ಮನೆಯವರು ಒಮ್ಮೆ ಎಂತ ಮಾಡಿದ್ರು ಗೊತ್ತುಂಟಾ...” ಮುಂದಿನದು ಕೇಳಿಸುವುದಿಲ್ಲ. ನಾನು ಟಿವಿಯ ಸದ್ದು ಪೂರ್ತಿ ನಿಲ್ಲಿಸಿ ಕಿವಿ ನಿಮಿರಿಸುತ್ತೇನೆ. ಪಿಸುಪಿಸು, ಒಂದು ದೀರ್ಘ ಮೌನ, ಆಮೇಲೆ ಮೂವರೂ ಒಟ್ಟಿಗೆ ನಗುತ್ತಾರೆ. ಉಮ್ಮನ ನಗು ಎಲ್ಲರಿಗಿಂತ ಕೊನೆಗೆ ನಿಲ್ಲುತ್ತದೆ. ಯಾವ ಕಥೆಯಿರಬಹುದು? ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹೇಳಲು ಯೋಗ್ಯವಾದುದನ್ನು ನಾನು ಬಹಳಷ್ಟು ಮಾಡಿದ್ದೇನೆ. ಅವಳು ಇಳಿದು ಬಂದಾಗ ಏನೂ ಆಗದವನ ಹಾಗೆ, “ಎಂತ ಮಾತಾಡಿದ್ದು ಇಷ್ಟು ಹೊತ್ತು?” ಎಂದು ಕೇಳುತ್ತೇನೆ.

“ಎಂತ ಇಲ್ಲ,” ಎನ್ನುತ್ತಾಳೆ ವಾರಿಜ. ನನ್ನ ಕೈ ತಣ್ಣಗಾಗುತ್ತದೆ.