ಗೇಟ್‌ವೇ ಕೊಟ್ಟ ಉತ್ತರ

ಎಲ್ಲದಕ್ಕೂ ಮೂಲ, ಕೆಟ್ಟು ನಿಂತಿದ್ದ ಸರ್ವರನ್ನು ಹಿಂದೊಮ್ಮೆ ಅವನು ಆಫ್ ಮಾಡಿ ಆನ್ ಮಾಡಿದ್ದು. ಸರ್ವರ್ ಸರಿಹೋಯಿತು, ಅವನ ಗ್ರಹಚಾರ ಕೆಟ್ಟಿತು. ಟೈರ್ ಕಂಪನಿಯ ಸ್ಟೋರ್ ಗುಮಾಸ್ತನಾಗಿ ನೆಮ್ಮದಿಯಾಗಿದ್ದವನಿಗೆ ಅಂದಿನಿಂದ 'ಸರ್ವರಣ್ಣ' ಎಂಬ ಹೆಸರು ಅಂಟಿಕೊಂಡಿತು. ಏನು ಕೆಟ್ಟರೂ ಅವನ ತಲೆಗೇ. ಸಾಕಪ್ಪಾ ಸಾಕು ಎಂದು, 'ಎರಡೆರಡು ಕೆಲಸ ನನ್ನಿಂದಾಗದು, ಒಂದರಿಂದ ಬಿಡಿಸಿ' ಎಂಬ ಮನವಿಯನ್ನು ಕಂಪ್ಯೂಟರಿನಲ್ಲೇ ಬರೆದು ಮ್ಯಾನೇಜರಿಗೆ ಕಳಿಸಿದ್ದ. ಅವರು ಅದನ್ನು ಓದಬೇಕು ಅನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮನವಿ ಸರ್ವರಿನ ಹೊಟ್ಟೆಯಲ್ಲೇ ಕೂತಿತು. ಈಗ ಅದನ್ನು ಹೊರಗೆ ತರಬೇಕಾದವನೂ ಅವನೇ.

ಸರ್ವರ್ ಕೋಣೆಯಲ್ಲಿ ಆಗಲೇ ಜನ ಜಮಾಯಿಸಿದ್ದರು. ಟೈಪಿಸ್ಟ್ ಅಕ್ಕ ಇದೆಲ್ಲ ಧೂಳಿನ ಕಾಟ ಎಂದು ಕರವಸ್ತ್ರದಿಂದ ಒರೆಸುತ್ತಿದ್ದರು. ಕ್ಯಾಷಿಯರ್, ಬಿಸಿ ಏರಿದೆ ಎಂದು ಟೇಬಲ್ ಫ್ಯಾನ್ ತಂದಿಟ್ಟರು. ಕಾಗದಗಳೆಲ್ಲ ಹಾರಿದವು, ನೆಟ್‌ವರ್ಕ್ ಮಾತ್ರ ಬರಲಿಲ್ಲ.

ಅವನು ಸರ್ವರ್ ಮಾರಿದ ಕಂಪನಿಗೆ ಫೋನ್ ಹಚ್ಚಿದ.

"ಸರ್, ನೆಟ್‌ವರ್ಕಿನ ಗೇಟ್‌ವೇ ಉತ್ತರ ಕೊಡ್ತಿದೆಯಾ ನೋಡಿ ಹೇಳಿ" ಎಂದಳು ಆ ಕಡೆಯ ಹೆಣ್ಣುಮಗಳು.

ಅದನ್ನು ಇಲ್ಲಿ ಕೂತು ನೋಡುವುದು ಹೇಗೆ? ಅವನು ಮೆಟ್ಟಿಲಿಳಿದು ಗೇಟಿಗೆ ಓಡಿದ. ತೂಕಡಿಸುತ್ತಿದ್ದ ಕಾವಲುಗಾರ, ಎರಡು ಸಲ ಕೂಗಿದ ಮೇಲೆ, ಏನು ಸ್ವಾಮಿ ಅಂದ. ಇವನು ಏದುಸಿರು ಬಿಡುತ್ತ ವಾಪಸು ಬಂದು ಫೋನ್ ಎತ್ತಿಕೊಂಡ.

"ಕೊಡ್ತಿದೆ ಮೇಡಮ್. ಸ್ವಲ್ಪ ನಿಧಾನ."

"ಹಾಗಾದ್ರೆ ತೊಂದ್ರೆ ಒಳಗೇ ಇದೆ ಸರ್. ಕೇಬಲ್ ನೋಡಿ."

ಮೇಜಿನ ಕೆಳಗೆ ತೂರಿದ. ಬಾಚದ ತಲೆಯ ಹಾಗೆ ವಯರುಗಳು ಸಿಕ್ಕುಗಟ್ಟಿದ್ದವು. ಯಾವುದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಒಂದರ ತಲೆಬುಡವೂ ತಿಳಿಯಲಿಲ್ಲ. ಒಂದನ್ನು ಕಿತ್ತರೆ ಕ್ಯಾಷಿಯರ್ ಅದಲ್ಲ ಅನ್ನುವರು, ಇನ್ನೊಂದನ್ನು ಮುಟ್ಟಿದರೆ ಅಕ್ಕ ಇದಲ್ಲ ಅನ್ನುವರು. ರೇಗಿಹೋಗಿ ಏಳುವಾಗ ತಲೆ ಮೇಜಿಗೆ ಬಡಿದು, ಆ ಗೋಜಲಿನ ಮೇಲೆಯೇ ದೊಪ್ಪನೆ ಕೂತುಬಿಟ್ಟ. ಎಲ್ಲೋ ಏನೋ ಟಕ್ಕೆಂದಿತು. ಹಸಿರು ದೀಪ ಮಿಣಮಿಣ ಅಂದಿತು. ಬಂತು ಬಂತು ಎಂದು ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಏನು ಮಾಡಿದೆನೆಂದು ದೇವರಾಣೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದ್ದೂ ಇರಲಿಲ್ಲ. ಮನವಿ ಸಾಹೇಬರಿಗೆ ತಲುಪಿತಲ್ಲ, ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆಯೊಳಗೆ ಮ್ಯಾನೇಜರಿಂದ ಕರೆ ಬಂತು. ಕೂರಿಸಿ, ಕಾಫಿ ತರಿಸಿ, ಏನು ರಿಪೇರಿ ಮಾಡಿದಿರಿ ಎಂದು ವಿಚಾರಿಸಿದರು.

"ಸತ್ಯವಾಗ್ಲೂ ನನಗೇ ಗೊತ್ತಿಲ್ಲ ಸಾರ್. ಸುಮ್ನೆ ಕೂತೆ, ಅಷ್ಟೇ."

"ಇಷ್ಟು ವಿನಯ ಇರೋರು ಎಲ್ಲಿ ಸಿಗ್ತಾರ್ರೀ" ಎಂದು ಅವರು ಎದ್ದು ಕೈಕುಲುಕಿದರು. "ನಿಮ್ಮ ಮನವಿ ಓದಿದೆ. ನ್ಯಾಯವಾಗೇ ಇದೆ, ಮಂಜೂರು ಮಾಡಿದೀನಿ. ನಾಳೆಯಿಂದ ನೀವು ಸ್ಟೋರ್ ಕಡೆ ತಲೆ ಹಾಕಬೇಡಿ."